ಮುಟ್ಟಿ, ಮೂಸಿ, ವ್ಯತ್ಯಾಸ ಹೇಳುವನು

ನಂಜನಗೂಡು
ಮಂಗಳವಾರ, ಸಂಜೆ

ಪ್ರೀತಿಯ ಅಮ್ಮನಿಗೆ ಕೋಮಲಳ ನಮಸ್ಕಾರ.

ಒಂದು ಮಾತನ್ನು ಈ ಪತ್ರದಲ್ಲಿ ಬರೆಯದೆ ಬಿಟ್ಟುಬಿಡೋಣ ಎಂದು ಬಹಳ ಹೊತ್ತು ಯೋಚಿಸಿದೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಹೊಳೆಯಲ್ಲಿ ನೀರು ಇನ್ನೂ ಇಳಿದಿಲ್ಲ, ನಿನ್ನ ಅಳಿಯನ ಮಂಡಿ ನೋವು ಕಡಿಮೆಯಾಗಿದೆ ಎಂದೆಲ್ಲ ಒಂದು ಪುಟ ಬರೆದೆ. ಓದಿಕೊಂಡಾಗ ನನ್ನ ವಿದ್ಯಾರ್ಥಿಗಳ ನೆನಪಾಯಿತು. ಉತ್ತರ ಗೊತ್ತಿಲ್ಲದಾಗ ಅವರು ಪ್ರಶ್ನೆಯನ್ನೇ ಮತ್ತೆ ಬರೆದು ಪುಟ ತುಂಬಿಸುತ್ತಾರೆ. ಹರಿದು ಹಾಕಿದೆ. ಮೊದಲೇ ಹೇಳಿಬಿಡುತ್ತೇನೆ. ನಿನ್ನ ಕಂದು ರಟ್ಟಿನ ಪಾಠಟಿಪ್ಪಣಿ ಪುಸ್ತಕವನ್ನು ಮುದ್ದಮ್ಮ ಚಿಕ್ಕಮ್ಮ ರದ್ದಿಗೆ ಹಾಕಲಿಲ್ಲ. ನಿನ್ನ ಟ್ರಂಕಿನಿಂದ ಅದನ್ನು ತೆಗೆದುಕೊಂಡು ಬಂದವಳು ನಾನು.

ಈಗ ನೀನು ಕನ್ನಡಕ ತೆಗೆದಿಟ್ಟು ಫೋನಿಗೆ ಕೈ ಹಾಕಿರುತ್ತೀಯ. ದಯವಿಟ್ಟು ಬೇಡ. ಪತ್ರವನ್ನು ಪೂರ್ತಿ ಓದು. ಇದಕ್ಕಿಂತ ದೊಡ್ಡ ತಪ್ಪು ಮುಂದೆ ಬರುತ್ತದೆ, ಒಂದೇ ಸಲಕ್ಕೆ ಬೈದರೆ ನಿನಗೂ ಶ್ರಮ ಕಡಿಮೆ.

ದಿನವೂ ಮಾತಾಡುವ ನಾನು ಫೋನಿನಲ್ಲೇ ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತೀಯ. ಮೂರು ಸಲ ಪ್ರಯತ್ನಿಸಿದೆ. ನೀನು "ಊಟ ಆಯ್ತೇನೇ?" ಎಂದೊಡನೆ ನನ್ನ ಬಾಯಿಂದ ಬರುತ್ತಿದ್ದದ್ದು ಹುಳಿಯ ವಿಷಯ. ಪತ್ರವೇ ಯಾಕೆ ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ನಿಮ್ಮ ಮನೆಯ ಸ್ಥಿತಿ ನನಗೆ ಎರಡೂ ಕಡೆಯಿಂದ ತಿಳಿಯುತ್ತಿದೆ. ದೀಪಾವಳಿಗೆ ಟ್ರಂಕು ಒರೆಸುವಾಗ ಪುಸ್ತಕ ಕಾಣಲಿಲ್ಲ ಎಂದು ನೀನು ಫೋನು ಮಾಡಿದೆ. "ಅವ್ಳಿಗೆ ಅಕ್ಷರ ಕಂಡ್ರೇನೇ ಆಗಲ್ಲ ಕಣೇ. ಹಳೇ ಪೇಪರ್ ಜೊತೆ ತೂಕಕ್ಕೆ ಹಾಕಿ ಆ ನೀಲಿ ಟಬ್ಬು ತಗೊಂಡವ್ಳೆ" ಎಂದೆ. ನಾನು, "ನಾನು ನೋಡಿಲ್ಲಮ್ಮ, ಅಟ್ಟದ ಮೇಲೆ ಹುಡುಕಿಸು" ಎಂದೆ. ಆಗ ಪುಸ್ತಕ ನನ್ನ ತೊಡೆಯ ಮೇಲಿತ್ತು. ಎರಡು ದಿನ ಬಿಟ್ಟು ಚಿಕ್ಕಮ್ಮ ಹಿತ್ತಿಲಿಂದ ಪಿಸುದನಿಯಲ್ಲಿ ಫೋನು ಮಾಡಿದರು. "ಕೋಮಲಾ, ನಿಮ್ಮವ್ವ ನನ್ನ ಕಳ್ಳಿ ಅಂದ್ಬುಟ್ಲು ಕಣವ್ವ. ಆ ಬುಕ್ಕ ನಾನೇನ್ ಬೇಯಿಸ್ಕಂಡ್ ಉಣ್ಣಕಾಯ್ತದಾ? ಅಟ್ಟ ಅತ್ತುಸ್ಬುಟ್ಲು, ಎಲ್ಡ್ ದಿಸ್ದಿಂದ ಸೀನ್ತಾವ್ನಿ. ಆ ಟಬ್ಬಾ ಚೀಟಿ ದುಡ್ಡಲ್ಲಿ ತಗಂಡಿದ್ದು, ದೇವ್ರಾಣೆ."

ಎಂಟು ವರ್ಷದಿಂದ ಒಂದೇ ಒಲೆಯಲ್ಲಿ ಬೇಯಿಸಿಕೊಂಡು, ಒಂದೇ ಧಾರಾವಾಹಿಗೆ ಜಗಳವಾಡಿಕೊಂಡು ಇದ್ದ ಅಕ್ಕ ತಂಗಿಯರು ಮೂರು ವಾರದಿಂದ ಮಾತು ಬಿಟ್ಟಿದ್ದೀರಿ. ಉಪ್ಪು ಬೇಕಾದರೆ ಪಕ್ಕದ ಮನೆಯವರನ್ನು ಕರೆದು ಕೇಳಿಸುತ್ತೀರಂತೆ. ಮೊನ್ನೆ ಚಿಕ್ಕಮ್ಮ ಸೀರೆಗಳನ್ನು ಗಂಟು ಕಟ್ಟಿದ್ದಾರೆ. ಭಾನುವಾರ ಬೆಳಗಿನ ಬಸ್ಸಿಗೆ ಸುತ್ತೂರಿನ ಮಗಳ ಮನೆಗೆ ಹೋಗಿಬಿಡುತ್ತಾರಂತೆ. "ಇನ್ನ ಈ ಓಸ್ಲು ತುಳಿಯಲ್ಲ" ಎಂದರು. ಚಿಕ್ಕಮ್ಮ ಹೇಳಿದರೆ ಮಾಡುವವರು. ಅವರು ಹೋದರೆ ನೀನು ಬಾಯಿಬಿಟ್ಟು ಬರಹೇಳುವವಳಲ್ಲ. ಅದಕ್ಕೇ ಈ ಪತ್ರ ಭಾನುವಾರದೊಳಗೆ ನಿನ್ನ ಕೈ ಸೇರಬೇಕು. ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ. ಪೋಸ್ಟ್‌ಮ್ಯಾನ್ ಸಹಿ ಕೇಳಿದರೆ ಕೋರ್ಟಿನ ನೋಟೀಸು ಎಂದು ಗಾಬರಿಯಾಗಬೇಡ.

ಇನ್ನು ಯಾಕೆ ತೆಗೆದುಕೊಂಡೆ ಎಂಬುದು.

ಆಗಸ್ಟಿನಲ್ಲಿ ನಮ್ಮ ಕಾಲೇಜಿನಲ್ಲಿ ಸಭೆ ನಡೆಯಿತು. ದೀಪಾವಳಿ ಆದ ಮೇಲೆ ಹೊರಗಿನಿಂದ ಮೌಲ್ಯಮಾಪನ ಸಮಿತಿ ಬರುತ್ತದೆ, ಅಷ್ಟರೊಳಗೆ ಪ್ರತಿಯೊಬ್ಬ ಅಧ್ಯಾಪಕರೂ ತಮ್ಮ ವಿಷಯದ ಕೋರ್ಸ್ ಔಟ್‌ಕಮ್ ಬರೆದು ಕೊಡಬೇಕು ಎಂದು ಪ್ರಿನ್ಸಿಪಾಲ್ ಶಿವಸ್ವಾಮಿಯವರು ಹೇಳಿದರು. ನೀನು ಈ ಶಬ್ದವನ್ನು ನನ್ನ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೀಯ, ನಾನು ವಿವರಿಸುವ ಗೋಜಿಗೆ ಹೋಗಿರಲಿಲ್ಲ. ನನಗೇ ಸರಿಯಾಗಿ ಗೊತ್ತಿರಲಿಲ್ಲ ಎಂಬುದು ಈಗ ಹೇಳಬಹುದಾದ ಮಾತು. ನಾವು ಏನು ಪಾಠ ಮಾಡುತ್ತೇವೆ ಎಂದು ಬರೆದರೆ ಸಾಲದು, ಪಾಠ ಮುಗಿದ ಮೇಲೆ ವಿದ್ಯಾರ್ಥಿ ಏನು ಮಾಡಬಲ್ಲ ಎಂದು ಬರೆಯಬೇಕು. ಇಡೀ ವಿಷಯ ಮುಗಿದಾಗ ಬರಬೇಕಾದದ್ದು ಕೋರ್ಸ್ ಔಟ್‌ಕಮ್. ಒಂದೊಂದು ತರಗತಿಯಿಂದ ಬರಬೇಕಾದದ್ದು ಲರ್ನಿಂಗ್ ಔಟ್‌ಕಮ್. ಬಂದಿದೆ ಎನ್ನುವುದಕ್ಕೆ ಸಾಕ್ಷಿಯೂ ಬೇಕು.

ಇದನ್ನೆಲ್ಲ ನೋಡಿಕೊಳ್ಳುವವರು ವಾಣಿಜ್ಯ ವಿಭಾಗದ ಅಮೃತೇಶ್. ಚಿಕ್ಕ ವಯಸ್ಸು, ಒಳ್ಳೆಯ ಹುಡುಗ, ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎತ್ತಿಕೊಂಡು ಓಡಾಡುತ್ತಾನೆ. ಸಭೆಯಲ್ಲಿ ಅವನು, "ಕೋರ್ಸ್ ಔಟ್‌ಕಮ್ ಅಂದ್ರೆ ಬಸ್ಸಿನ ಬೋರ್ಡು ಇದ್ದಂಗೆ. ಲರ್ನಿಂಗ್ ಔಟ್‌ಕಮ್ ಅಂದ್ರೆ ದಾರೀಲಿ ಬರೋ ಸ್ಟಾಪುಗಳು" ಎಂದು ಚೆನ್ನಾಗಿಯೇ ಹೇಳಿದ. ರಾಜ್ಯಶಾಸ್ತ್ರದ ಚಿಕ್ಕಬಸಪ್ಪನವರು ಕುಳಿತಲ್ಲಿಂದಲೇ, "ನಮ್ ಬನ್ನೂರ್ ಬಸ್ಸು ಬೋರ್ಡೇ ತಿರುಗ್ಸಲ್ಲ ಕಣ್ರೀ ಅಮೃತೇಶ್. ಎತ್ಲಾಗ್ ಓದ್ರೂ ಬನ್ನೂರು ಅಂತ್ಲೇ ಇರ್ತದೆ. ನನ್ ಸಬ್ಜೆಕ್ಟ್‌ಗೂ ಅಂಗೇ ಬರ್ಕೊಬುಡಿ" ಎಂದರು.

ನಾನು ಮನೆಗೆ ಬಂದು ನನ್ನ ಸಸ್ಯಶಾಸ್ತ್ರಕ್ಕೆ ಐದು ವಾಕ್ಯ ಬರೆದೆ. ವಿದ್ಯಾರ್ಥಿಯು ಎಲೆಯ ರಚನೆಯನ್ನು ಅರ್ಥ ಮಾಡಿಕೊಳ್ಳುವನು, ಬೇರಿನ ಕೆಲಸವನ್ನು ಅರ್ಥ ಮಾಡಿಕೊಳ್ಳುವನು, ಹೀಗೆ ಐದೂ. ಅಮೃತೇಶ್ ಐದಕ್ಕೂ ಕೆಂಪು ಗೆರೆ ಎಳೆದು ಕಳಿಸಿದ. "ಮೇಡಂ, ಬೇಜಾರ್ ಮಾಡ್ಕೋಬೇಡಿ. ಅರ್ಥ ಮಾಡ್ಕೊಂಡ ಅನ್ನೋದು ಕಣ್ಣಿಗೆ ಕಾಣಲ್ಲ. ಏನ್ ಮಾಡಿ ತೋರಿಸ್ತಾನೆ ಅಂತ ಬರೀರಿ." ನನಗೆ ಕೋಪ ಬಂತು. ಹದಿನೆಂಟು ವರ್ಷ ಪಾಠ ಮಾಡಿದವಳಿಗೆ ಇವನು ಹೇಳಿಕೊಡಬೇಕೆ ಎನಿಸಿತು. ಆಮೇಲೆ ನನ್ನ ಕೆಲಸದ ದಿನಚರಿಯನ್ನು ತೆಗೆದು ನೋಡಿದೆ. ಪ್ರತಿ ದಿನದ ಎದುರೂ "ಎಲೆ, ಮುಗಿಯಿತು", "ಬೇರು, ಮುಗಿಯಿತು" ಎಂದು ಬರೆದಿದ್ದೆ. ಯಾರಿಗೆ ಮುಗಿಯಿತು ಎಂದು ಎಲ್ಲೂ ಬರೆದಿರಲಿಲ್ಲ. ಮುಗಿದದ್ದು ನನಗೆ ಮಾತ್ರ ಇರಬಹುದೇ?

ಅದೇ ತಿಂಗಳ ಕೊನೆಯಲ್ಲಿ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಳ್ಳಲು ನರಸೀಪುರಕ್ಕೆ ಬಂದೆನಲ್ಲ, ಆಗ ನೀನು ಟ್ರಂಕಿನಿಂದ ಹಸಿರು ಸೀರೆ ತೆಗೆದುಕೋ ಎಂದೆ. ಸೀರೆಯ ಕೆಳಗೆ ಆ ಪುಸ್ತಕವಿತ್ತು. 1989, ನಾಲ್ಕನೆಯ ತರಗತಿ, ನಿನ್ನ ದುಂಡು ಅಕ್ಷರ. ಸುಮ್ಮನೆ ತೆರೆದೆ. "ಎಲೆ" ಎಂಬ ಪಾಠ ಬಂತು. ಪುಟಕ್ಕೆ ನಾಲ್ಕು ಅಂಕಣ. ಎರಡನೆಯ ಅಂಕಣದ ಮೇಲೆ "ನಿರ್ದಿಷ್ಟ ಉದ್ದೇಶ" ಎಂದಿದೆ. ಅದರ ಕೆಳಗೆ, "ವಿದ್ಯಾರ್ಥಿಯು ಮೂರು ಬಗೆಯ ಎಲೆಗಳನ್ನು ಮುಟ್ಟಿ, ಮೂಸಿ, ವ್ಯತ್ಯಾಸ ಹೇಳುವನು."

ಅಮ್ಮ, ನಾನು ಟ್ರಂಕಿನ ಮುಂದೆ ಕುಳಿತೇಬಿಟ್ಟೆ. ಅಮೃತೇಶ್ ಎರಡು ದಿನದ ತರಬೇತಿಗೆ ಹೋಗಿ ಕಲಿತು ಬಂದದ್ದು ನಿನ್ನ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಮೂವತ್ತಾರು ವರ್ಷದಿಂದ ಮಲಗಿತ್ತು. ಕೊನೆಯ ಅಂಕಣ ನೋಡಿದೆ. "ಮೌಲ್ಯಮಾಪನ" ಎಂಬುದರ ಕೆಳಗೆ ಶೇಕಡಾವಾರು ಲೆಕ್ಕವಿಲ್ಲ, ಹೆಸರುಗಳಿವೆ. "ಬಸವಣ್ಣನಿಗೆ ಬಂತು. ಮಾದುವಿಗೆ ಬಂತು, ಎಲೆ ತಿಂದೂ ನೋಡಿದ. ಪುಟ್ಟಮಾದಮ್ಮನಿಗೆ ಬರಲಿಲ್ಲ. ನಾಳೆ ಮತ್ತೊಮ್ಮೆ." ಮರುದಿನದ ಪುಟದಲ್ಲಿ ಪುಟ್ಟಮಾದಮ್ಮನ ಹೆಸರೊಂದೇ ಇದೆ. "ಬಂತು."

ನಾನು ಚಿಕ್ಕವಳಿದ್ದಾಗ ನೀನು ರಾತ್ರಿ ಊಟವಾದ ಮೇಲೆ ಗೆರೆ ಎಳೆದುಕೊಂಡು ಇದನ್ನು ಬರೆಯುತ್ತಿದ್ದದ್ದು ನೆನಪಿದೆ. ನಮ್ಮ ಕಾನ್ವೆಂಟಿನ ಮಿಸ್‌ಗಳು ಹೀಗೆಲ್ಲ ಬರೆಯುವುದಿಲ್ಲ, ಅವರಿಗೆ ಎಲ್ಲ ತಲೆಯಲ್ಲೇ ಇರುತ್ತದೆ ಎಂದು ನಾನು ನಿನಗೆ ಹೇಳಿದ್ದೆ. ನೀನು ಅಡಿಕೋಲನ್ನು ಪಕ್ಕಕ್ಕಿಟ್ಟು, "ಅವ್ರ ತಲೇಲಿದ್ರೆ ಏನ್ ಬಂತೇ, ನಿನ್ ತಲೇಲಿ ಇರ್ಬೇಕು" ಎಂದಿದ್ದೆ. ನನಗೆ ಆಗ ಅದು ಕನ್ನಡ ಶಾಲೆಯ ಮೇಡಂ ಒಬ್ಬರ ಹೊಟ್ಟೆಕಿಚ್ಚಿನ ಮಾತಿನ ಹಾಗೆ ಕೇಳಿಸಿತ್ತು. ಇದನ್ನೂ ಈಗಲೇ ಹೇಳಿಬಿಡುತ್ತೇನೆ, ಹೇಗೂ ಬೈಯುತ್ತೀಯ.

ಕೇಳಿದ್ದರೆ ನೀನು ಪುಸ್ತಕ ಕೊಡುತ್ತಿದ್ದೆ ಎಂದು ನನಗೆ ಗೊತ್ತು. ಆದರೆ ಕೇಳಿದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಡಿಗ್ರಿ ಕಾಲೇಜಿನ ಮೇಡಂ ನಾಲ್ಕನೇ ಕ್ಲಾಸಿನ ಪಾಠಟಿಪ್ಪಣಿ ನೋಡಿ ಬರೆಯುತ್ತಾಳೆ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಸೀರೆಯೊಳಗೆ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಬಸ್ಸಿನಲ್ಲಿ ಉದ್ದಕ್ಕೂ ಬ್ಯಾಗನ್ನು ಎದೆಗೆ ಅವುಚಿಕೊಂಡಿದ್ದೆ. ಬಂಗಾರವಿದೆ ಎಂದುಕೊಂಡಳೋ ಏನೋ, ಪಕ್ಕದ ಹೆಂಗಸು ಇಳಿಯುವವರೆಗೂ, "ಉಷಾರು ಕಣಕ್ಕ" ಎನ್ನುತ್ತಲೇ ಇದ್ದಳು.

ನಿನ್ನ ಎಲೆಯ ಪಾಠವನ್ನು ಇಂಗ್ಲಿಷಿಗೆ ತಿರುಗಿಸಿ ನಾಲ್ಕು ದೊಡ್ಡ ಶಬ್ದ ಸೇರಿಸಿ ಕೊಟ್ಟೆ. ಅಮೃತೇಶ್ ಕುಣಿದಾಡಿದ. "ಮೇಡಂ, ಸೂಪರ್! ಎಲ್ಲಿ ಸಿಕ್ತು ಇದು?" ಎಂದು ಕೇಳಿದ. "ನಾನೇ ಯೋಚನೆ ಮಾಡಿದೆ" ಎಂದೆ. ಯೋಚನೆ ಮಾಡಿಯೇ ಹೇಳಿದ ಸುಳ್ಳು ಅದು.

ಬರೆದ ಮೇಲೆ ಮಾಡಿಯೂ ನೋಡಬೇಕಲ್ಲ. ಒಂದು ದಿನ ಎಲೆಗಳನ್ನು ತರಗತಿಗೆ ತೆಗೆದುಕೊಂಡು ಹೋದೆ. ಎಲೆಯ ನರಗಳ ಬಗ್ಗೆ ಏಳು ಪುಟ ಬರೆಯುವ ಮಕ್ಕಳು ಕೈಯಲ್ಲಿ ಎಲೆ ಕೊಟ್ಟರೆ ಅದನ್ನು ಬಸ್ ಟಿಕೆಟ್ಟಿನ ಹಾಗೆ ಹಿಡಿದು ಕುಳಿತರು. ಬಿಳಿಗೆರೆಯಿಂದ ಬರುವ ಕವನ ಎಂಬ ಹುಡುಗಿ ಮಾತ್ರ ಎಲೆಯನ್ನು ತಿರುಗಿಸಿ, ಉಜ್ಜಿ, ಮೂಸಿ, ಏನೋ ಹೇಳಹೊರಟು ಸುಮ್ಮನಾದಳು. ತರಗತಿ ಮುಗಿದ ಮೇಲೆ ಬಾಗಿಲ ಹತ್ತಿರ ಬಂದು ಮೆಲ್ಲಗೆ, "ಮೇಡಂ, ತಪ್ಪು ತಿಳ್ಕೋಬೇಡಿ. ನೀವು ಉರುಳಿ ಎಲೆ ಅಂದ್ರಲ್ಲ, ಅದು ಅಲಸಂದೆ" ಎಂದಳು. ಅವರ ಅಪ್ಪ ಅಮ್ಮ ಕೂಲಿಗೆ ಹೋಗುವವರು, ರಜೆಯಲ್ಲಿ ಇವಳೂ ಕಳೆ ಕೀಳಲು ಹೋಗುತ್ತಾಳೆ. "ಎಲ್ಲರ ಮುಂದೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. "ನಿಮ್ಗೆ ಬೇಜಾರಾಯ್ತದೆ ಅಂತ" ಎಂದಳು. ನಿನ್ನ ಪುಸ್ತಕದಲ್ಲಿ ಅಂದಿನ ಅಂಕಣವಿದ್ದಿದ್ದರೆ, "ಕವನಳಿಗೆ ಬಂತು. ಕೋಮಲಳಿಗೆ ಬರಲಿಲ್ಲ" ಎಂದು ಬರೆಯಬೇಕಾಗಿತ್ತು.

ಮಾರನೆಯ ದಿನ ಎಲ್ಲರ ಮುಂದೆ ತಪ್ಪನ್ನು ಒಪ್ಪಿಕೊಂಡೆ. ಅಂದಿನಿಂದ ಆ ತರಗತಿ ಬೇರೆಯೇ ಆಯಿತು. ಮಕ್ಕಳು ದಿನಕ್ಕೊಂದು ಎಲೆ ತಂದು, ನನಗೆ ಗೊತ್ತಿಲ್ಲ ಎಂದು ಖಚಿತವಾದ ಮೇಲೆ ಖುಷಿಯಿಂದ ಹೆಸರು ಹೇಳುತ್ತಾರೆ. ಇಷ್ಟು ನಿನಗೆ ಸಂತೋಷದ ಸುದ್ದಿ. ಇನ್ನು ಮುಂದೆ ಹಾಗಿಲ್ಲ.

ಅಕ್ಟೋಬರಿನಲ್ಲಿ, ಸಮಿತಿ ಬರಲು ಹತ್ತು ದಿನವಿದ್ದಾಗ, ಅರ್ಧಕ್ಕರ್ಧ ಜನ ಏನೂ ಬರೆದಿರಲಿಲ್ಲ. ಅಮೃತೇಶ್ ನನ್ನ ಪುಟವನ್ನು ಮಾದರಿ ಎಂದು ವಾಟ್ಸಾಪ್ ಗುಂಪಿಗೆ ಹಾಕಿ, ನಾಳೆ ಐದು ಗಂಟೆಗೆ ಕೊನೆ ಎಂದ. ಎಲ್ಲರೂ ಕೊಟ್ಟರು. ಯಾರೂ ಓದಲಿಲ್ಲ. ಕಡತಗಳಿಗೆ ನೀಲಿ ರಟ್ಟು ಹಾಕಿಸಿ ಸಾಲಾಗಿ ಜೋಡಿಸಿದರು, ಚೆನ್ನಾಗಿಯೇ ಕಾಣುತ್ತಿತ್ತು.

ಸಮಿತಿಯ ಅಧ್ಯಕ್ಷರು ಎಪ್ಪತ್ತರ ಆಸುಪಾಸಿನವರು, ನಿಧಾನಸ್ಥರು. ಸಭಾಂಗಣದಲ್ಲಿ ನಮ್ಮೆಲ್ಲರನ್ನೂ ಕೂರಿಸಿಕೊಂಡು ಒಂದೊಂದೇ ಕಡತ ತೆಗೆದರು. ಇತಿಹಾಸದ್ದು ಮೊದಲು ಬಂತು. ಅದರಲ್ಲಿ ಇದ್ದದ್ದನ್ನು ಅವರು ಕನ್ನಡದಲ್ಲಿ ಗಟ್ಟಿಯಾಗಿ ಓದಿದರು. "ವಿದ್ಯಾರ್ಥಿಯು ಮೂರು ಬಗೆಯ ರಾಜವಂಶಗಳನ್ನು ಮುಟ್ಟಿ, ಮೂಸಿ, ವ್ಯತ್ಯಾಸ ಹೇಳುವನು."

ಅವರು ಎರಡನೆಯ ಕಡತ ತೆಗೆದರು. ಅಮೃತೇಶನದೇ. ಮೂರು ಬಗೆಯ ಚೆಕ್ಕುಗಳನ್ನು ಮುಟ್ಟಿ, ಮೂಸಿ. ಭೌತಶಾಸ್ತ್ರದವರ ವಿದ್ಯಾರ್ಥಿಯು ಮೂರು ಬಗೆಯ ವಿದ್ಯುತ್ ತಂತಿಗಳನ್ನು ಮುಟ್ಟುವನು. ಅದನ್ನು ಕೇಳಿ ಶಿವಸ್ವಾಮಿಯವರು, "ಅಯ್ಯಯ್ಯೋ!" ಎಂದು ಎದ್ದೇ ನಿಂತರು. ರಾಜ್ಯಶಾಸ್ತ್ರ ಬಂತು. "ಮೂರು ಬಗೆಯ ಸರ್ಕಾರಗಳನ್ನು ಮುಟ್ಟಿ, ಮೂಸಿ..." ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿ, "ಚಿಕ್ಕಬಸಪ್ಪನವರೇ, ಸರ್ಕಾರವನ್ನು ಮೂಸುವುದು ಹೇಗೆ?" ಎಂದರು. ಚಿಕ್ಕಬಸಪ್ಪನವರು ಎದ್ದು ನಿಂತು ಗಂಭೀರವಾಗಿ, "ಅಭ್ಯಾಸ ಆದ್ರೆ ದೂರ್ದಿಂದ್ಲೇ ಗೊತ್ತಾಯ್ತದೆ ಸಾ" ಎಂದರು.

ಸಭಾಂಗಣ ನಕ್ಕಿತು. ಅಧ್ಯಕ್ಷರೂ ಕಣ್ಣು ಒರೆಸಿಕೊಂಡರು. ಆಮೇಲೆ, "ಇಷ್ಟು ಜನ ನಕಲು ಮಾಡಿದ್ದೀರಿ ಎಂದರೆ ಎಲ್ಲೋ ಒಂದು ಅಸಲು ಇರಬೇಕು. ಯಾರದು?" ಎಂದು ಕೇಳಿದರು. ಎಲ್ಲ ಕತ್ತುಗಳೂ ನನ್ನ ಕಡೆ ತಿರುಗಿದವು.

ನನ್ನ ತರಗತಿಗೆ ಬಂದರು. ಸಾಕ್ಷಿ ತೋರಿಸಿ ಎಂದರು. ನಾನು ಕವನಳನ್ನು ಕರೆದೆ. ಮೂರು ಎಲೆ ಕೊಟ್ಟರೆ ಅವಳು ಕಣ್ಣು ಮುಚ್ಚಿಕೊಂಡೇ ಹೆಸರು ಹೇಳಿದಳು, ಏನೇನು ವ್ಯತ್ಯಾಸ ಎಂದು ಹೇಳಿದಳು, ಕೈಚೀಲದಿಂದ ಇನ್ನೂ ನಾಲ್ಕು ತೆಗೆದಳು. ಕೊನೆಯದನ್ನು ಅಧ್ಯಕ್ಷರ ಕೈಗೇ ಕೊಟ್ಟು, "ಸಾ, ನೀವೂ ಮೂಸಿ ಏಳಿ" ಎಂದಳು. ಅವರು ಮೂಸಿದರು. ಯೋಚಿಸಿದರು. "ಕೊತ್ತಂಬರಿ?" ಎಂದರು. "ಅಲ್ಲ ಸಾ, ನಾಳೆ ಮತ್ತೊಂದ್ ಸತಿ ನೋಡಿ" ಎಂದಳು. ಈ "ಮತ್ತೊಂದ್ ಸತಿ" ನನ್ನಿಂದ ಕಲಿತದ್ದು, ನಾನು ನಿನ್ನ ಪುಸ್ತಕದಿಂದ ಕಲಿತದ್ದು.

ಈಗ ಬರುತ್ತದೆ ನಾನು ಬರೆಯದೆ ಬಿಡಬೇಕೆಂದಿದ್ದ ಮಾತು. ಪುಸ್ತಕ ತೆಗೆದುಕೊಂಡದ್ದಲ್ಲ, ಇದು.

ಅಧ್ಯಕ್ಷರು ಖುಷಿಯಾಗಿ, ಇದನ್ನು ಹೇಗೆ ತಯಾರಿಸಿದಿರಿ, ಟಿಪ್ಪಣಿ ಇದ್ದರೆ ನೋಡಬಹುದೇ ಎಂದರು. ಗಾಬರಿಯಲ್ಲಿ ಬ್ಯಾಗಿನಿಂದ ನಿನ್ನ ಪುಸ್ತಕವನ್ನೇ ತೆಗೆದು ಕೊಟ್ಟುಬಿಟ್ಟೆ. ಅವರು ರಟ್ಟು ತೆರೆದು, "ಶ್ರೀಮತಿ ಮಂಗಳಮ್ಮ, ಸಹಶಿಕ್ಷಕಿ" ಎಂದು ಓದಿ, "ಯಾರಿವರು?" ಎಂದು ಕೇಳಿದರು.

ಪಕ್ಕದಲ್ಲಿ ಅಮೃತೇಶ್ ನಿಂತಿದ್ದ. ನಾನೇ ಯೋಚನೆ ಮಾಡಿದೆ ಎಂದು ಅವನಿಗೆ ಹೇಳಿದ್ದೆ. ಹಿಂದೆ ಶಿವಸ್ವಾಮಿಯವರು ಹೆಮ್ಮೆಯಿಂದ ನೋಡುತ್ತಿದ್ದರು. ನಾನು ಹೇಳಿದೆ: "ಗೊತ್ತಿಲ್ಲ ಸರ್. ಹಳೆಯ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತು. ನಾನು ಇಂಥವನ್ನು ಸಂಗ್ರಹಿಸುತ್ತೇನೆ."

ಆ ಕ್ಷಣಕ್ಕೆ ಅದು ಸಂಶೋಧಕಿಯ ಮಾತಿನ ಹಾಗೆ ಕೇಳಿಸಿತು. ಅದು ಎಂಥ ಮಾತು ಎಂದು ಮನೆಗೆ ಬಂದು ಕೈಕಾಲು ತೊಳೆಯುವಾಗ ಗೊತ್ತಾಯಿತು. ನೀನು ಚಿಕ್ಕಮ್ಮನ ಮೇಲೆ ಹೊರಿಸಿದ್ದ ಅಪರಾಧವನ್ನು, ಅಂದರೆ ಪುಸ್ತಕವನ್ನು ರದ್ದಿಗೆ ಹಾಕಿದ್ದನ್ನು, ನಾನು ನಾಲ್ಕು ಜನರ ಎದುರು ಮಾಡಿ ಮುಗಿಸಿದ್ದೆ. ಜೊತೆಗೆ ನಿನ್ನನ್ನೂ ಹಾಕಿದ್ದೆ.

ಶಿವಸ್ವಾಮಿಯವರು ಪುಸ್ತಕವನ್ನು ನನಗೆ ವಾಪಸ್ಸು ಕೊಡಲಿಲ್ಲ. ಆಫೀಸಿನ ಮುಂದಿನ ಗಾಜಿನ ಕಪಾಟಿನಲ್ಲಿ, ಖೊಖೊ ಕಪ್ಪುಗಳ ನಡುವೆ ಇಡಿಸಿ ಬೀಗ ಹಾಕಿಸಿದರು. ಮುಂದೆ ಒಂದು ಚೀಟಿ: "ಅಪರೂಪದ ಹಸ್ತಪ್ರತಿ. ಸಂಗ್ರಹ: ಶ್ರೀಮತಿ ಕೋಮಲ." ಎರಡು ವಾರದಿಂದ ದಿನವೂ ಅದರ ಮುಂದೆ ನಿಲ್ಲುತ್ತಿದ್ದೇನೆ. ಮನೆಗೆ ಬಂದರೆ ಫೋನಿನಲ್ಲಿ ಚಿಕ್ಕಮ್ಮನ ಸೀನು.

ನಿನ್ನೆ ಸೋಮವಾರ ಅಟೆಂಡರ್ ರಂಗಸ್ವಾಮಿಯ ಹತ್ತಿರ ಕಪಾಟಿನ ಬೀಗದಕೈ ಕೇಳಿದೆ. ಎರಡನೆಯ ಸಲ ಕದಿಯುವ ಯೋಚನೆ ಎಂದೇ ತಿಳಿದುಕೋ. ಇಲಿ ತಿಂದಿತು ಎಂದು ಹೇಳುವುದು ಎಂದುಕೊಂಡಿದ್ದೆ. ರಂಗಸ್ವಾಮಿ ಕೈ ಒರೆಸಿಕೊಳ್ಳುತ್ತಾ, "ನಿಮ್ ತಾಯಾರ್ದು ತಾನೇ ಮೇಡಂ?" ಎಂದ. ಹೇಗೆ ಗೊತ್ತು ಎಂದೆ. "ಧೂಳು ಒಡೆಯೋವಾಗ ದಿನಾ ಎಲ್ಡ್ ಪುಟ ಓದ್ತಿದ್ದೆ. ಕೊನೇ ಪುಟ್ದಲ್ಲಿ ನಿಮ್ ಹೆಸ್ರೈತೆ" ಎಂದ. ಮೊದಲೇ ಹೇಳಬಾರದಾಗಿತ್ತೇ ಎಂದು ಸಿಟ್ಟಾದೆ. "ನೀವೇ ಏಳ್ತೀರಿ ಅಂತ ಸುಮ್ಕಿದ್ದೆ ಮೇಡಂ. ದಿನಾ ಬಂದು ನಿಂತ್ಕತ್ತಿದ್ರಲ್ಲ" ಎಂದು ಬೀಗ ತೆಗೆದುಕೊಟ್ಟ.

ಕೊನೆಯ ಪುಟವನ್ನು ನಾನು ನೋಡಿರಲಿಲ್ಲ. ಎಲೆಯ ಪಾಠ ಸಿಕ್ಕ ಮೇಲೆ ಮುಂದಕ್ಕೆ ಹೋಗಿರಲಿಲ್ಲ. ಕಪಾಟಿನ ಮುಂದೆ ನಿಂತು ಓದಿದೆ. ಪುಸ್ತಕ 1989ರಿಂದಲೂ ಟ್ರಂಕಿನಲ್ಲಿ ಯಾಕೆ ಉಳಿಯಿತು, ನೀನು ಚಿಕ್ಕಮ್ಮನ ಮೇಲೆ ಯಾಕೆ ಅಷ್ಟು ಹಾರಾಡಿದೆ ಎಂದು ಆಗ ತಿಳಿಯಿತು. ಅಲ್ಲಿಂದ ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅಮೃತೇಶನೂ ಅಲ್ಲೇ ಇದ್ದ. ಇಬ್ಬರಿಗೂ ಎಲ್ಲ ಹೇಳಿದೆ. ಶಿವಸ್ವಾಮಿಯವರು, "ಹೆತ್ತ ತಾಯೀನ ರದ್ದಿ ಅಂಗ್ಡಿಗೆ ಹಾಕ್ಬುಟ್ರಲ್ಲ ಮೇಡಂ!" ಎಂದರು. ನಾನು ಅತ್ತೆ. ಅವರು ಗಾಬರಿಯಾಗಿ ಟೀ ತರಿಸಿದರು. ಅಧ್ಯಕ್ಷರಿಗೆ ನಿಜ ತಿಳಿಸಿ ನಾನೇ ಕಾಗದ ಬರೆಯಬೇಕು, ನೀನು ಒಪ್ಪಿ ಪುಸ್ತಕ ಮತ್ತೆ ಕಪಾಟಿಗೆ ಬಂದರೆ ಚೀಟಿ ನಿನ್ನ ಹೆಸರಿನಲ್ಲಿರಬೇಕು, ಮುಂದಿನ ತಿಂಗಳು ನೀನು ಬಂದು ನಮಗೆಲ್ಲ ಒಂದು ಪಾಠ ಮಾಡಬೇಕು ಎಂದು ತೀರ್ಮಾನವಾಯಿತು. "ಅವರು ಬೈತಾರೆ ಸರ್" ಎಂದೆ. "ಬೈಲಿ ಬುಡಿ, ನಾವೂ ಕೇಳಿಸ್ಕತ್ತೀವಿ. ಬಸ್ಸಲ್ಲಿ ಬೇಡ, ಕಾರ್ ಕಳಿಸ್ತೀನಿ" ಎಂದರು. ಅಮೃತೇಶ್ ಮಾತ್ರ ಮೆಲ್ಲಗೆ, "ಮೇಡಂ, ಅಮ್ಮಾವ್ರು ನನ್ನ ಚೆಕ್ಕಿನ ಪುಟಾನೂ ಒಂದ್ಸಲ ತಿದ್ದಿಕೊಡ್ತಾರಾ?" ಎಂದು ಕೇಳಿದ. ಅಧ್ಯಕ್ಷರಿಗೆ ಕಾಗದವನ್ನು ಇಂದು ಬೆಳಿಗ್ಗೆಯೇ ಬರೆದು ಕಳಿಸಿದೆ. ಪಾಠ ಮಾಡಲು ಬರುವುದೂ ಬಿಡುವುದೂ ನಿನ್ನ ಇಷ್ಟ.

ಭಾನುವಾರ ಮೊದಲ ಬಸ್ಸಿಗೆ ಪುಸ್ತಕದೊಂದಿಗೆ ನಾನೇ ಬರುತ್ತೇನೆ. ಅದಕ್ಕೆ ಮುಂಚೆ ಒಂದು ಕೆಲಸ ಮಾಡು. ಈ ಪತ್ರವನ್ನು ಚಿಕ್ಕಮ್ಮನಿಗೆ ಗಟ್ಟಿಯಾಗಿ ಓದಿ ಹೇಳು. ಟಬ್ಬಿನ ಭಾಗವನ್ನು ಬಿಟ್ಟು ಓದಬೇಡ. ಓದಿದರೆ ಮಾತು ಬಿಟ್ಟದ್ದು ತಾನಾಗಿಯೇ ಮುರಿಯುತ್ತದೆ, ಮೊದಲು ಯಾರು ಮಾತಾಡಬೇಕು ಎಂಬ ಜಗಳವೂ ಇರುವುದಿಲ್ಲ. ಆಮೇಲೆ ಇಬ್ಬರೂ ಸೇರಿ ನನ್ನನ್ನು ಬೈಯಿರಿ. ಗಂಟು ಬಿಚ್ಚಿಸು. ಒತ್ತಕ್ಷರ ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಡು, ಬಂದಾಗ ನೋಡುತ್ತೇನೆ.

ನಿನ್ನ ಪುಸ್ತಕವನ್ನೂ ನಿನ್ನ ಹೆಸರನ್ನೂ ಕದ್ದ, ಈಗ ಎರಡನ್ನೂ ಹಿಂತಿರುಗಿಸುತ್ತಿರುವ
ಮಗಳು,
ಕೋಮಲ

ತಾ.ಕ.: ಪತ್ರವೇ ಯಾಕೆ ಎಂದು ಹೇಳುತ್ತೇನೆ ಎಂದಿದ್ದೆ. ಕೊನೆಯ ಪುಟದಲ್ಲಿ ಹೀಗಿದೆ, ನಿನಗೆ ಬಾಯಿಪಾಠವಾಗಿರಬಹುದು. "ಪಾಠ: ಪತ್ರ ಬರೆಯುವುದು. ತರಗತಿ: ಮನೆ. ಮಕ್ಕಳ ಸಂಖ್ಯೆ: ಒಂದು. ನಿರ್ದಿಷ್ಟ ಉದ್ದೇಶ: ಕೋಮಲಳು ಯಾರ ಸಹಾಯವೂ ಇಲ್ಲದೆ ತಾಯಿಗೆ ಕನ್ನಡದಲ್ಲಿ ಒಂದು ಪತ್ರ ಬರೆಯುವಳು. ತಪ್ಪು ಮಾಡಿದ್ದರೆ ಸುತ್ತಿ ಬಳಸದೆ ಹೇಳುವಳು. ದಿನಾಂಕ ಹಾಕುವಳು." ಆ ದಿನ ನಾನು ಇಂಗ್ಲಿಷಿನಲ್ಲಿ "ಡಿಯರ್ ಮಮ್ಮಿ" ಎಂದು ಎರಡು ಸಾಲು ಗೀಚಿ ಆಡಲು ಓಡಿಹೋಗಿದ್ದೆ. ಕೊನೆಯ ಅಂಕಣದಲ್ಲಿ ನೀನು ಬರೆದಿದ್ದೀಯ: "ಬರಲಿಲ್ಲ. ಮತ್ತೊಮ್ಮೆ." ಅದರ ಮುಂದೆ ಪುಟ ಖಾಲಿ. ನಾನು ಭಾನುವಾರ ಪುಸ್ತಕ ತಂದಾಗ ಪೆನ್ನು ಹತ್ತಿರವಿಟ್ಟುಕೊಂಡಿರು. ಮೊದಲನೆಯದಕ್ಕೆ ಪೂರ್ತಿ ಅಂಕ ಕೊಡು. ಎರಡನೆಯದಕ್ಕೆ ಅರ್ಧ ಸಾಕು, ಬಹಳ ಸುತ್ತಿದ್ದೇನೆ. ಮೂರನೆಯದನ್ನು ಈಗ ಮೇಲೆ ನೋಡಿದರೆ ಮರೆತೇಬಿಟ್ಟಿದ್ದೇನೆ, ಬರೀ ಮಂಗಳವಾರ ಎಂದಿದೆ. ಇಲ್ಲಿ ಹಾಕುತ್ತಿದ್ದೇನೆ. ಅಂಚೆಗೆ ಹಾಕುವ ದಿನ: ಬುಧವಾರ, 12 ನವೆಂಬರ್ 2025.